ಊರಮ್ಮನನ್ನು ಆಟಿಕೆ ಮಾಡಬಹುದೇ? ಅನುಭವಸ್ಥರು ದಯವಿಟ್ಟು ಹೇಳಿ

ಗೆರೆಬಣ್ಣ

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಮೂರು ವರ್ಷಗಳಿಂದ ಮರದ ಆಟಿಕೆಗಳ ವಿನ್ಯಾಸವನ್ನೂ ಮಾಡುತ್ತಿದ್ದೇನೆ. ತುಮಕೂರು ಕಡೆಯ ಹಳ್ಳಿಯಲ್ಲಿ ಬೆಳೆದವಳು. ಸೋಮನ ಕುಣಿತದ ಕೆಂಪು ಮುಖವಾಡ, ಅದರ ಉಬ್ಬಿದ ಕಣ್ಣು, ತಮಟೆಯ ಪೆಟ್ಟಿಗೆ ಅದು ಎಡಕ್ಕೂ ಬಲಕ್ಕೂ ವಾಲುವ ರೀತಿ, ಇವೆಲ್ಲ ನಾನು ಪೆನ್ಸಿಲ್ ಹಿಡಿಯುವ ಮೊದಲೇ ನನ್ನೊಳಗೆ ಬಂದು ಕುಳಿತಿದ್ದವು. ನಾನು ಎಳೆಯುವ ಯಾವ ಗೆರೆಯೂ ಊರ ಹಬ್ಬವನ್ನು ಬಿಟ್ಟು ಹೋಗುವುದಿಲ್ಲ.

ಕಳೆದ ತಿಂಗಳು ಒಂದು ಕರಕುಶಲ ಮೇಳದಲ್ಲಿ ಮಳಿಗೆ ಹಾಕಿದ್ದೆ. ಊರಮ್ಮನ ಗೊಂಬೆಯನ್ನು ಹೊರಗೆ ತಂದದ್ದು ಅದೇ ಮೊದಲ ಸಲ. ಗೇಣುದ್ದದ ಗೊಂಬೆ, ಕೆಂಪು ಅರಗಿನ ಮೈ, ಅರಿಸಿನದ ಮುಖ, ಅಗಲವಾದ ಕಣ್ಣು. ಬೆಳಿಗ್ಗೆ ವಯಸ್ಸಾದ ಅಮ್ಮ ಒಬ್ಬರು ಬಂದರು. ಮೇಜಿನ ಮುಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದರು. ಗೊಂಬೆಯನ್ನು ನೀಡಹೋದರೆ ಕೈಯಲ್ಲಿ ತೆಗೆದುಕೊಳ್ಳದೆ ಸೆರಗು ಒಡ್ಡಿದರು. "ಇವಳನ್ನು ಮನೆಯಲ್ಲಿ ಎಲ್ಲಿ ಕೂರಿಸಬೇಕಮ್ಮಾ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಅರ್ಧ ಗಂಟೆ ಕಳೆದಿರಬೇಕು, ಇನ್ನೊಂದು ಕುಟುಂಬ ಬಂತು. ಎರಡು ವರ್ಷದ ಮಗು ಅಂಥದೇ ಗೊಂಬೆಯೊಂದನ್ನು ಎತ್ತಿಕೊಂಡು ಅದರ ತಲೆಯನ್ನು ಬಾಯಿಗಿಟ್ಟು ಚೀಪತೊಡಗಿತು.

ಆ ಅಮ್ಮ ಮಾಡಿದ್ದೂ ಸರಿ, ಮಗು ಮಾಡಿದ್ದೂ ಸರಿ. ಆದರೆ ಒಂದೇ ವಸ್ತುವಿಗೆ ಎರಡೂ ಸಲ್ಲುವುದು ಹೇಗೆ? ಮುಂದಿನ ಕಂತಿಗೆ ಊರಮ್ಮ, ತುಳುನಾಡಿನ ಹಂದಿದೈವ ಪಂಜುರ್ಲಿ, ಜೋಕುಮಾರ ಈ ಮೂವರ ಚಿತ್ರಗಳು ಸಿದ್ಧವಾಗಿವೆ. ಮರದ ಕೆಲಸಕ್ಕೆ ಕೊಡುವುದನ್ನು ತಡೆದಿದ್ದೇನೆ. ನನ್ನ ಕೈಯಿಂದ ತಪ್ಪಾಗುತ್ತಿದೆಯೇ, ತಿಳಿದವರು ಹೇಳಿ.

ಹಳೆಯ ತೊಟ್ಟಿಮನೆ

ತಪ್ಪಾಗುತ್ತಿದೆ ಎಂದೇ ನನಗೆ ಅನಿಸುತ್ತದೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಊರಮ್ಮನಿಗೆ ವರ್ಷಕ್ಕೊಮ್ಮೆ ಜಾತ್ರೆ. ಆ ದಿನಗಳಲ್ಲಿ ಊರಿನಲ್ಲಿ ಒಗ್ಗರಣೆ ಹಾಕುವುದಿಲ್ಲ, ಯಾರೂ ಊರು ಬಿಟ್ಟು ಹೋಗುವುದಿಲ್ಲ. ಅಷ್ಟು ಕಟ್ಟುಪಾಡು ಇರುವ ತಾಯಿಯನ್ನು ಮಂಚದ ಕೆಳಗೆ ಉರುಳಿ ಬಿದ್ದಿರುವ ಗೊಂಬೆಯಾಗಿ ನನಗೆ ನೋಡಲಾಗದು.

ಪಟ್ಟದಗೊಂಬೆ

ತೊಟ್ಟಿಮನೆಯವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನಮ್ಮ ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವುದನ್ನು ನೆನೆಯಿರಿ. ನನ್ನ ಮದುವೆಯಲ್ಲಿ ತವರಿನಿಂದ ಕೊಟ್ಟ ರಾಜ ರಾಣಿಯರ ಪಟ್ಟದ ಗೊಂಬೆಗಳು ರಕ್ತಚಂದನದವು. ಒಂಬತ್ತು ದಿನ ಮೇಲಿನ ಮೆಟ್ಟಿಲಲ್ಲಿ ಕಲಶದ ಪಕ್ಕ ಕೂರುತ್ತವೆ, ಆರತಿ ಆಗುತ್ತದೆ. ಕೆಳಗಿನ ಮೆಟ್ಟಿಲಲ್ಲಿ ದಶಾವತಾರದ ಪಕ್ಕದಲ್ಲೇ ಶೆಟ್ಟಿಯ ಅಂಗಡಿ, ತರಕಾರಿಯವಳು, ಕ್ರಿಕೆಟ್ ಆಡುವ ಹುಡುಗರು ಇರುತ್ತಾರೆ. ವಿಜಯದಶಮಿಯ ರಾತ್ರಿ ಅತ್ತೆಯವರು ಪಟ್ಟದ ಗೊಂಬೆಗಳನ್ನು ಮಲಗಿಸಿ ಒಂದು ಚಿಕ್ಕ ಬಟ್ಟೆ ಹೊದಿಸುತ್ತಾರೆ. ಮರುದಿನ ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಾರೆ. ಅಲ್ಲಿಂದ ಮುಂದಿನ ವರ್ಷದವರೆಗೆ ಅವು ಮರವೇ.

ಒಂದು ವರ್ಷ ನನ್ನ ಮಗಳು ರಾಣಿಗೊಂಬೆಗೆ ತನ್ನ ರಿಬ್ಬನ್ ಕಟ್ಟಿ ಜೋಗುಳ ಹಾಡುತ್ತಿದ್ದಳು. ನಾನು ಗದರಿದೆ. ಅತ್ತೆ ನನ್ನನ್ನೇ ಗದರಿದರು, "ಇನ್ನೂ ಕೂರಿಸಿಲ್ಲವಲ್ಲ, ಆಡಲಿ ಬಿಡು" ಎಂದರು.

ಅರಗುಕಡ್ಡಿ

ಗೆರೆಬಣ್ಣ ಅಕ್ಕ, ನಾನು ಚನ್ನಪಟ್ಟಣದವಳು. ನಮ್ಮ ತಂದೆ ನಲವತ್ತು ವರ್ಷ ಮರ ಕಡೆಯುವ ಲೇತ್ ಮುಂದೆ ಕುಳಿತವರು. ಆಲೆ ಮರವನ್ನು ತಂದು ಎರಡು ಮೂರು ತಿಂಗಳು ಒಣಗಿಸಿ ಇಟ್ಟಿರುತ್ತಿದ್ದರು. ಕತ್ತರಿಸಿದ ತುಂಡನ್ನು ಲೇತ್‌ಗೆ ಕಟ್ಟಿ ಉಳಿ ಇಟ್ಟರೆ ಬೆಣ್ಣೆಯ ಬಣ್ಣದ ಸಿಪ್ಪೆ ಸುರುಳಿ ಸುರುಳಿಯಾಗಿ ಅವರ ಮಡಿಲಿಗೆ ಬೀಳುತ್ತಿತ್ತು. ಆಮೇಲೆ ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವುದು. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ತಾಳೆಗರಿಯನ್ನು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಳಪು ಬರುತ್ತದೆ.

ನಮ್ಮ ತಂದೆ ಐದು ಹೊತ್ತಿನ ನಮಾಜು ಬಿಟ್ಟವರಲ್ಲ. ದಸರಾ ಹತ್ತಿರ ಬಂದರೆ ಅವರಿಗೆ ರಾಜ ರಾಣಿಯರನ್ನು ಕಡೆದು ಮುಗಿಯುತ್ತಿರಲಿಲ್ಲ. ಮೈ, ಕಿರೀಟ, ಸೊಂಟಪಟ್ಟಿ ಎಲ್ಲ ಮಾಡುತ್ತಿದ್ದರು, ಕಣ್ಣು ಮಾತ್ರ ಬರೆಯುತ್ತಿರಲಿಲ್ಲ. ಅದಕ್ಕೆ ಪಕ್ಕದ ಮನೆಯ ಅಮ್ಮ ಒಬ್ಬರಿದ್ದರು. ನಾನು ಬುಟ್ಟಿಯಲ್ಲಿ ಗೊಂಬೆಗಳನ್ನು ಹೊತ್ತು ಅವರ ಮನೆಗೆ ಹೋಗುತ್ತಿದ್ದೆ, ಸಂಜೆ ಕಣ್ಣು ಬಂದ ಗೊಂಬೆಗಳನ್ನು ವಾಪಸು ತರುತ್ತಿದ್ದೆ. ಹೋಗುವಾಗ ಬುಟ್ಟಿಯನ್ನು ಹೇಗೆ ಬೇಕಾದರೂ ಹಿಡಿಯುತ್ತಿದ್ದೆ. ಬರುವಾಗ ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ.

ನಿಮ್ಮ ಊರಮ್ಮನಿಗೆ ಕಣ್ಣು ಬರೆದವರು ಯಾರು?

ಗೆರೆಬಣ್ಣ

ನಾನೇ ಬರೆದದ್ದು, ತಂಗಿ. ನಿನ್ನ ಪ್ರಶ್ನೆ ಓದಿ ಒಂದು ಗಳಿಗೆ ಸುಮ್ಮನೆ ಕುಳಿತುಬಿಟ್ಟೆ. ಅರವತ್ತು ಗೊಂಬೆಗಳಿಗೆ ಒಂದೇ ರಾತ್ರಿಯಲ್ಲಿ, ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಬರೆದೆ. ಬಿಳಿ ಚುಕ್ಕೆ, ಅದರ ಮೇಲೆ ಕಪ್ಪು ಚುಕ್ಕೆ, ಮುಂದಿನದು. ಹಾಗೆ.

ಕಿನ್ನಾಳದ ಕುಂಚ

ಇಲ್ಲಿ ನಾನೊಂದು ಮಾತು ಸೇರಿಸುತ್ತೇನೆ. ನಾವು ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು. ಹಂಪಿಯ ಪಂಪಾಪತಿ ಗುಡಿಯ ಚಿತ್ರಗಳನ್ನು ಬರೆದವರು ನಮ್ಮ ಹಿರಿಯರು ಎಂಬ ಮಾತು ನಮ್ಮ ಕೇರಿಯಲ್ಲಿ ಇಂದಿಗೂ ಇದೆ. ಒಂದೇ ಪಡಸಾಲೆಯಲ್ಲಿ ಗರುಡನನ್ನೂ ಮಾಡುತ್ತೇವೆ, ಗೌರಿಯನ್ನೂ ಮಾಡುತ್ತೇವೆ, ಗಿಳಿ, ಆನೆ, ಹಣ್ಣುಗಳನ್ನೂ ಮಾಡುತ್ತೇವೆ. ಮರ ಒಂದೇ, ಹಗುರವಾದ ಪೊಲ್ಕಿ ಮರ. ಕೈಕಾಲುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತೇವೆ. ಗೋಣಿನಾರು, ಮರದ ಹೊಟ್ಟು, ಅದೇ ಅಂಟು ಸೇರಿಸಿದ ಕಿಟ್ಟವನ್ನು ಮೈಗೆಲ್ಲ ಮೆತ್ತಿ ಉಬ್ಬು ತಗ್ಗು ತೆಗೆಯುತ್ತೇವೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಇಲ್ಲಿಯವರೆಗೂ ಗಿಳಿಗೂ ಗೌರಿಗೂ ಭೇದವೇ ಇಲ್ಲ.

ಭೇದ ಬರುವುದು ಕಣ್ಣಿನಲ್ಲಿ. ನಮ್ಮ ಮನೆಯಲ್ಲಿ ಗಿಳಿಯ ಕಣ್ಣನ್ನು ಮಕ್ಕಳು ಕೂಡ ಬರೆಯುತ್ತಾರೆ. ಗೌರಿಯ ಕಣ್ಣನ್ನು ಅಪ್ಪ ಬರೆಯುತ್ತಾರೆ, ಸ್ನಾನ ಮಾಡಿ, ಎಲ್ಲಕ್ಕಿಂತ ಕೊನೆಗೆ. ಬರೆದ ಮೇಲೆ ಆ ಮೂರ್ತಿಯನ್ನು ನೆಲದ ಮೇಲೆ ಇಡುವುದಿಲ್ಲ, ಮಣೆ ಬೇಕು.

ತಾಯೀ, ನೀವು ಕಣ್ಣು ಬರೆದ ಗೊಂಬೆಯನ್ನು ಆಟಿಕೆ ಎಂದು ಕೊಟ್ಟಿದ್ದೀರಿ. ಆ ಅಜ್ಜಿ ಸೆರಗು ಒಡ್ಡಿದ್ದು ಅದಕ್ಕೇ.

ಕಡಲತಡಿ

ಪಂಜುರ್ಲಿಯ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತುಳುನಾಡಿನಲ್ಲಿ ದೈವದ ಮೊಗ ಅಂದರೆ ಮುಖವಾಡ, ಕತ್ತಿ, ಗಂಟೆ ಇವೆಲ್ಲ ಭಂಡಾರ. ಕೋಲ ಎಂಬ ದೈವದ ಆರಾಧನೆಯ ದಿನ ಭಂಡಾರ ಇಳಿಯುವುದಕ್ಕೇ ಒಂದು ಕ್ರಮ ಇದೆ. ಅಣಿ ಎಂಬ ಪ್ರಭಾವಳಿ ಕಟ್ಟುವ, ಗಗ್ಗರ ಎಂಬ ಕಾಲಂದುಗೆ ತೊಡುವ ಹಕ್ಕು ನಲಿಕೆ, ಪಂಬದ, ಪರವ ಸಮುದಾಯಗಳಿಗೆ ತಲೆಮಾರುಗಳಿಂದ ಬಂದದ್ದು, ಅದು ಹಕ್ಕು ಎಷ್ಟೋ ಅಷ್ಟೇ ಭಾರವೂ ಹೌದು. ದಿನಗಟ್ಟಲೆ ನೇಮದಲ್ಲಿ ಇದ್ದು, ಮುಖಕ್ಕೆ ಅರ್ದಾಳದ ಹಳದಿ ಬಣ್ಣ ಹಚ್ಚಿ, ರಾತ್ರಿಯೆಲ್ಲ ನಿಂತು ಊರಿನ ಕಷ್ಟಕ್ಕೆ ಉತ್ತರ ಕೊಡುವವರು ಅವರು. ಈಗ ಆ ಮೊಗದ ಚಿತ್ರ ಅಂಗಿಯ ಮೇಲೆ, ಕಾರಿನ ಗಾಜಿನ ಮೇಲೆ, ಕೀಲಿಗೊಂಚಲಿನ ಮೇಲೆ ಬಂದಿದೆ. ಅದರಿಂದ ಅವರಿಗೆ ಬಂದದ್ದು ಏನೂ ಇಲ್ಲ.

ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಮರದ ದೈವಮೂರ್ತಿಗಳಲ್ಲಿ ಹಲವು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ನಾನು ಅವುಗಳ ಮುಂದೆ ನಿಂತಿದ್ದೇನೆ. ಸುತ್ತ ಜನ ಫೋಟೊ ತೆಗೆಯುತ್ತಿದ್ದರು. ನನ್ನ ಕೈ ತಾನಾಗಿ ಮುಗಿದುಕೊಂಡಿತು. ಊರಿನಲ್ಲಿ ಹೊಸ ಮೂರ್ತಿಗಳಿಗೆ ಪೂಜೆ ನಡೆಯುತ್ತಿದೆ ಎಂಬುದು ಗೊತ್ತಿದ್ದರೂ ಮುಗಿದುಕೊಂಡಿತು.

ಪಂಜುರ್ಲಿಯ ಮೊಗವನ್ನು ದಯವಿಟ್ಟು ಆಟಿಕೆ ಮಾಡಬೇಡಿ. ಕಾಡುಹಂದಿಯನ್ನು ಮಾಡಿ. ಗದ್ದೆಯನ್ನು, ಗದ್ದೆಯ ಅಂಚಿನ ಕಾಡನ್ನು ಮಾಡಿ. ಹಂದಿ ಪೈರಿಗೆ ನುಗ್ಗುತ್ತದೆ, ರೈತ ಅದಕ್ಕೆ ಹೆದರುತ್ತಾನೆ, ಹೆದರಿದವನೇ ಅದಕ್ಕೆ ಕೈಮುಗಿದು ಪೈರನ್ನು ಕಾಯಲು ಕೇಳಿಕೊಳ್ಳುತ್ತಾನೆ. ಮಗುವಿಗೆ ಅಷ್ಟು ಕಥೆ ಸಾಕು. ಮೊಗವನ್ನು ಮಗು ದೊಡ್ಡದಾದ ಮೇಲೆ ದೀವಟಿಗೆಯ ಬೆಳಕಿನಲ್ಲಿ, ಅದರ ಜಾಗದಲ್ಲೇ ನೋಡಲಿ.

ಗೆರೆಬಣ್ಣ

ಕಡಲತಡಿ ಅವರೇ, ಆ ಚಿತ್ರವನ್ನು ಕೈಬಿಟ್ಟಿದ್ದೇನೆ. ನಾನು ಕೋಲವನ್ನು ವಿಡಿಯೊದಲ್ಲಿ ನೋಡಿದವಳೇ ಹೊರತು ಅಂಗಳದಲ್ಲಿ ಕುಳಿತು ನೋಡಿದವಳಲ್ಲ. ಸೋಮನನ್ನು ಹೊತ್ತು ಕುಣಿಯುವವರ ಬೆವರು ನನಗೆ ಗೊತ್ತು, ಅಣಿ ಕಟ್ಟುವವರ ಬೆವರು ಗೊತ್ತಿಲ್ಲ. ಹಂದಿ ಮತ್ತು ಗದ್ದೆಯ ಮಾತು ಮನಸ್ಸಿಗೆ ನಾಟಿದೆ.

ಬರೋಡ ಓದು

ನಾನು ಚಿತ್ರಕಲೆಯ ಅಧ್ಯಾಪಕ. ಈ ದಾರಿಯಲ್ಲಿ ಮೊದಲೇ ನಡೆದವರೊಬ್ಬರನ್ನು ನೆನಪಿಸುತ್ತೇನೆ. ಚಿತ್ರಕಾರ ಕೆ. ಜಿ. ಸುಬ್ರಮಣ್ಯನ್, 1924ರಲ್ಲಿ ಕೇರಳದ ಕೂತುಪರಂಬದಲ್ಲಿ ಹುಟ್ಟಿ 2016ರಲ್ಲಿ ವಡೋದರದಲ್ಲಿ, ಅಂದರೆ ಬರೋಡದಲ್ಲಿ, ತೀರಿಕೊಂಡವರು. ಶಾಂತಿನಿಕೇತನದಲ್ಲಿ ಕಲಿತರು, ಬರೋಡದಲ್ಲಿ ಕಲಿಸಿದರು, ಮತ್ತೆ ಶಾಂತಿನಿಕೇತನಕ್ಕೆ ಹೋಗಿ ಕಲಿಸಿದರು. ದೊಡ್ಡ ಭಿತ್ತಿಚಿತ್ರಗಳನ್ನು ಮಾಡಿದ ಕೈಯಲ್ಲೇ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದರು, ಬರೋಡದ ಕಲಾಶಾಲೆಯ ಮೇಳಗಳಿಗೆ ಮರ, ಮಣಿ, ಚರ್ಮದ ಚೂರುಗಳಿಂದ ಆಟಿಕೆ ಮಾಡಿದರು. ಅವರ ಚಿತ್ರಗಳಲ್ಲಿ ದೇವಿ ಇದ್ದಾಳೆ, ಹನುಮಂತ ಇದ್ದಾನೆ, ಬೆಕ್ಕೂ ಮೇಕೆಯೂ ಇವೆ. ಅವರ ಆಟಿಕೆಗಳನ್ನು ನೋಡಿದಾಗ ನನಗೆ ಕಂಡದ್ದು ಬಿಡುವ ಧೈರ್ಯ. ನಾಲ್ಕು ಮಣಿ, ಒಂದು ಗುಂಡುಮರ, ಇಷ್ಟರಲ್ಲಿ ಪ್ರಾಣಿ ಎದ್ದು ನಿಲ್ಲುತ್ತದೆ. ಉಳಿದದ್ದನ್ನು ಆಡುವವರ ಮನಸ್ಸೇ ತುಂಬಿಕೊಳ್ಳುತ್ತದೆ.

ನಮ್ಮ ತೊಗಲುಗೊಂಬೆಯಾಟದವರ ಲೆಕ್ಕವನ್ನೂ ನೋಡಿ. ರಾಜರು, ದೇವರುಗಳ ಗೊಂಬೆ ದೊಡ್ಡದು, ಸಾಮಾನ್ಯರದು ಚಿಕ್ಕದು. ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸುತ್ತಾರೆ, ರಾಮ ನಗಿಸುವುದಿಲ್ಲ. ಯಾರ ಜೊತೆ ಆಡಬಹುದು, ಯಾರ ಮುಂದೆ ಸುಮ್ಮನಿರಬೇಕು ಎಂಬುದು ಗೊಂಬೆಯ ಅಳತೆಯಲ್ಲೇ ಇದೆ. 2025ರಲ್ಲಿ ಪದ್ಮಶ್ರೀ ಬಂದ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಂಥವರು ಜೀವಮಾನವೆಲ್ಲ ಆ ಅಳತೆಯನ್ನು ಕೈಯಲ್ಲಿ ಇಟ್ಟುಕೊಂಡು ಆಡಿಸಿದವರು.

ಮಣ್ಣೆತ್ತು

ಎಲ್ಲರೂ ಮರದ ಮಾತನ್ನೇ ಆಡುತ್ತಿದ್ದೀರಿ. ಜೋಕುಮಾರನ ಹೆಸರು ಬಂದಿದ್ದರೂ ಮಣ್ಣಿನ ಮಾತು ಬರಲಿಲ್ಲವಲ್ಲ ಎಂದು ಬರೆಯಬೇಕೆನಿಸಿತು.

ನಾನು ಗದಗಿನ ಕಡೆಯವನು. ಮಣ್ಣೆತ್ತಿನ ಅಮಾವಾಸ್ಯೆಗೆ ಅಪ್ಪ ಕರಿಮಣ್ಣನ್ನು ನೆನೆಸಿ, ಮೆತ್ತಗೆ ನಾದಿ ಜೋಡೆತ್ತು ಮಾಡುತ್ತಿದ್ದ. ನನ್ನ ಪಾಲಿಗೆ ಗೋದಲಿ, ಅಂದರೆ ಎತ್ತಿನ ಮೇವಿನ ತೊಟ್ಟಿ ಮಾಡುವ ಕೆಲಸ. ಎತ್ತಿನ ಕಣ್ಣಿಗೆ ಗುಲಗಂಜಿ ಒತ್ತುತ್ತಿದ್ದೆವು, ಕೊಂಬಿಗೆ ಬಣ್ಣದ ಕಾಗದ. ಅವತ್ತು ಅವು ದೇವರು. ಜಗುಲಿಯ ಮೇಲೆ ಕೂರಿಸಿ ಹೋಳಿಗೆಯ ಎಡೆ. ಮರುದಿನ ಅವೇ ಎತ್ತುಗಳನ್ನು ನಾವು ಅಂಗಳಕ್ಕೆ ಇಳಿಸುತ್ತಿದ್ದೆವು. ಒಂದರ ಕಾಲು ಮುರಿದಿರುತ್ತಿತ್ತು. ಅದನ್ನೇ ಎತ್ತಿಕೊಂಡು ಕುಂಟೆತ್ತು ಬಂದಿದೆ ಎಂದು ಮನೆಮನೆಗೆ ಹೋಗಿ ಜೋಳ ಕೇಳುತ್ತಿದ್ದೆವು. ನಿನ್ನೆ ಕೈಮುಗಿದವರೇ ಇಂದು ಬಾಗಿಲಿಗೆ ಬಂದು ಜೋಳ ನೀಡುತ್ತಿದ್ದರು. ಸಂಜೆಗೆ ಎತ್ತು ಕೆರೆಗೆ. ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಅಕ್ಕತಂಗಿಯರು ಗುಳ್ಳವ್ವನನ್ನು ಮಾಡುತ್ತಿದ್ದರು, ಅದೂ ಮಣ್ಣೇ.

ಜೋಕುಮಾರನದೂ ಅಷ್ಟೇ. ಭಾದ್ರಪದದ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ದೇವರು. ಅಗಲ ಕಣ್ಣು, ತೆರೆದ ಬಾಯಿ, ಮೈಗೆಲ್ಲ ಬೇವಿನ ಸೊಪ್ಪು. ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊತ್ತು ತಂದಾಗ ನನ್ನ ತಾಯಿ ಅವನ ತುಟಿಗೆ ಬೆಣ್ಣೆ ಹಚ್ಚುತ್ತಿದ್ದಳು, ಮೊರದಲ್ಲಿ ಜೋಳ ಹಾಕುತ್ತಿದ್ದಳು. ಗಣಪ್ಪ ಉಂಡು ಹೋಗಿ ಭೂಮಿಯಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಾನೆ, ಜೋಕುಮಾರ ಹೋಗಿ ಮಳೆಯಿಲ್ಲ, ಬೆಳೆಯಿಲ್ಲ ಎಂದು ಶಿವನಿಗೆ ನಿಜ ಹೇಳುತ್ತಾನೆ ಎಂದು ಅವಳ ನಂಬಿಕೆ. ಏಳು ದಿನಕ್ಕೆ ಅವನ ಬದುಕು ಮುಗಿಯಬೇಕು. ಮುಗಿಯದಿದ್ದರೆ ಸುದ್ದಿ ಮೇಲಕ್ಕೆ ಹೋಗುವುದಿಲ್ಲ.

ಗೆರೆಬಣ್ಣ ತಂಗಿ, ನೀವು ಜೋಕುಮಾರನನ್ನು ಮರದಲ್ಲಿ ಮಾಡಿ ಅರಗು ಹಚ್ಚಿದರೆ ಅವನು ಸಾಯುವುದೇ ಇಲ್ಲವಲ್ಲ. ಮಗು ಬಾಯಿಗಿಟ್ಟುಕೊಂಡದ್ದಕ್ಕೆ ನಾನು ಚಿಂತಿಸುವುದಿಲ್ಲ. ನಿಮ್ಮ ಊರಮ್ಮ ಮತ್ತೆ ಮಣ್ಣಿಗೆ ಹೋಗಲಾರಳು ಎಂಬುದೇ ನನ್ನ ಚಿಂತೆ.

ಪಟ್ಟದಗೊಂಬೆ

ಅಣ್ಣಾ, ಇದನ್ನು ಓದಿ ನಮ್ಮ ಅತ್ತೆಯವರ ಹಳೆಯ ಪಂಚೆಯ ಅರ್ಥ ನನಗೆ ಇಂದು ತಿಳಿಯಿತು.

ಹಳೆಯ ತೊಟ್ಟಿಮನೆ

ನಾನು ಮೊದಲು ಬರೆದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ನಮ್ಮ ಊರಿನಲ್ಲೂ ಕೆಲವು ವರ್ಷ ಅಮ್ಮನನ್ನು ಮಣ್ಣಿನಲ್ಲೇ ಮಾಡಿಸಿ, ಜಾತ್ರೆ ಮುಗಿದ ರಾತ್ರಿ ಊರ ಗಡಿಗೆ ಕಳುಹಿಸಿಕೊಟ್ಟದ್ದು ನೆನಪಾಯಿತು. ಕಳುಹಿಸುವಾಗ ಹಿರಿಯರು ತಿರುಗಿ ನೋಡಬಾರದು ಎನ್ನುತ್ತಿದ್ದರು. ನಾನು ಒಮ್ಮೆ ತಿರುಗಿ ನೋಡಿದ್ದೆ.

ಗೆರೆಬಣ್ಣ

ಮೂರು ದಿನ ಇಲ್ಲಿಗೆ ಬರಲಿಲ್ಲ, ಕ್ಷಮಿಸಿ. ಹಳೆಯ ಚಿತ್ರಗಳನ್ನೆಲ್ಲ ಗೋಡೆಗೆ ಅಂಟಿಸಿಕೊಂಡು ಕುಳಿತಿದ್ದೆ. ಮಣ್ಣೆತ್ತು ಅಣ್ಣ ಹೇಳಿದ್ದು ಸರಿ. ನಾನು ಮುಖ ಹೇಗಿರಬೇಕು, ಕಿರೀಟ ಎಷ್ಟು ಎತ್ತರ ಎಂದೇ ಚಿತ್ರ ಬರೆಯುತ್ತಿದ್ದೆ. ಅವಳು ಹೇಗೆ ಬರುತ್ತಾಳೆ, ಹೇಗೆ ಹೋಗುತ್ತಾಳೆ ಎಂಬುದನ್ನು ಬರೆದೇ ಇರಲಿಲ್ಲ.

ಈಗ ಮನಸ್ಸಿಗೆ ಬಂದಿರುವುದು ಇಷ್ಟು. ಪೆಟ್ಟಿಗೆಯಲ್ಲಿ ಊರಮ್ಮ ಇರುವುದಿಲ್ಲ. ಊರು ಇರುತ್ತದೆ. ತಮಟೆಯವರು ಇಬ್ಬರು, ಆರತಿ ಹೊತ್ತ ಹೆಣ್ಣುಮಕ್ಕಳು ಮೂವರು, ಬೇವಿನ ಮರ ಒಂದು, ಕುರಿ ಒಂದು, ಒಂದು ಅಜ್ಜಿ. ಎಲ್ಲವೂ ಚನ್ನಪಟ್ಟಣದ ಲೇತ್ ಕೆಲಸ. ನಡುವೆ ಒಂದು ಗದ್ದುಗೆ, ಖಾಲಿ. ಜೊತೆಗೆ ಒಂದು ಪೊಟ್ಟಣ ಜರಡಿ ಹಿಡಿದ ಜೇಡಿಮಣ್ಣು. ಮಗು ತನ್ನ ಕೈಯಿಂದ ಅಮ್ಮನನ್ನು ಮಾಡಿ ಕೂರಿಸುತ್ತದೆ. ಎಷ್ಟು ದಿನ ಬೇಕೋ ಅಷ್ಟು ದಿನ ಹಬ್ಬ. ಮುಗಿದ ಮೇಲೆ ಬಟ್ಟಲಿನ ನೀರಿಗೆ ಬಿಡುತ್ತದೆ, ಆ ನೀರನ್ನು ಗಿಡಕ್ಕೆ ಹಾಕುತ್ತದೆ. ಪೊಟ್ಟಣ ಖಾಲಿಯಾದರೆ ಹಿತ್ತಲಿನ ಮಣ್ಣು ಇದ್ದೇ ಇದೆ. ಕಣ್ಣಿಗೆ ಎರಡು ಗುಲಗಂಜಿಯನ್ನೂ ಪೊಟ್ಟಣದಲ್ಲೇ ಇಡುತ್ತೇನೆ.

ಮಕ್ಕಳ ವಾರ್ಡು

ಗುಲಗಂಜಿ ಬೇಡ! ನಾನು ಮಕ್ಕಳ ವೈದ್ಯೆ, ಇದನ್ನು ಒತ್ತಿ ಹೇಳುತ್ತೇನೆ. ಆ ಕೆಂಪು ಕಾಳಿನಲ್ಲಿ ಆಬ್ರಿನ್ ಎಂಬ ಕಡುವಿಷ ಇದೆ. ಸಿಪ್ಪೆ ಗಟ್ಟಿ ಇರುವುದರಿಂದ ಇಡಿಯಾಗಿ ನುಂಗಿದರೆ ಕೆಲವೊಮ್ಮೆ ಹಾಗೆಯೇ ಹೊರಬರುತ್ತದೆ, ಆದರೆ ಜಗಿದರೆ ಒಂದೆರಡು ಕಾಳೂ ಅಪಾಯಕಾರಿ. ಹಿಂದೆ ಹಿರಿಯರು ಎದುರು ಕುಳಿತು ಎತ್ತಿಗೆ ಒತ್ತಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸುವುದು ಬೇರೆ.

ಇನ್ನೊಂದು ಮಾತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ ವಿನಾಯಿತಿ ಇದೆ. ವಿನ್ಯಾಸ ಮಾಡಿ ಮಾಡಿಸುವ ನೀವು ಯಾವ ಸಾಲಿಗೆ ಬರುತ್ತೀರಿ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮೂರು ವರ್ಷದೊಳಗಿನ ಮಕ್ಕಳಿಗಾದರೆ ಸುಮಾರು 31.7 ಮಿಲಿಮೀಟರ್ ವ್ಯಾಸದ ಅಳತೆಯ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ಬಿಡಿಭಾಗವೂ ಇರಕೂಡದು. ನಿಮ್ಮ ಕುರಿಯ ಅಳತೆ ನೋಡಿಕೊಳ್ಳಿ. ಮೇಳದಲ್ಲಿ ಗೊಂಬೆ ಚೀಪಿದ ಮಗುವಿನ ಬಗ್ಗೆ ಓದುವಾಗ ನನಗೆ ಮೊದಲು ಬಂದ ಯೋಚನೆ ಕಿರೀಟದ ತುದಿಯದು.

ಗೆರೆಬಣ್ಣ

ಡಾಕ್ಟರೇ, ನೀವು ಹೇಳದಿದ್ದರೆ ದೊಡ್ಡ ಅನಾಹುತ ಆಗುತ್ತಿತ್ತು. ಗುಲಗಂಜಿ ಬೇಡ. ಕಣ್ಣನ್ನು ಬೆರಳಿನಿಂದ ಒತ್ತಿದ ಎರಡು ಗುಳಿಗಳಾಗಿ ಬಿಡುತ್ತೇನೆ. ಕುರಿಯನ್ನು ದೊಡ್ಡದು ಮಾಡುತ್ತೇನೆ, ಕಿರೀಟವಂತೂ ಈಗ ಇಲ್ಲವೇ ಇಲ್ಲ.

ಕಿನ್ನಾಳದ ಕುಂಚ

ಬೆರಳಿನಿಂದ ಒತ್ತಿದ ಕಣ್ಣು ಒಳ್ಳೆಯದು ತಾಯೀ. ಕಣ್ಣು ಯಾರು ಬರೆದರು ಎಂಬ ಪ್ರಶ್ನೆಗೆ ಆ ಮಗುವೇ ಉತ್ತರ ಕೊಡುತ್ತದೆ. ಒಂದು ವಿನಂತಿ ಇದೆ, ಪೆಟ್ಟಿಗೆಯ ಮೇಲೆ ಕಣ್ಣಿನ ಮಾದರಿ ಬರೆಯಬೇಡಿ. ಬರೆದರೆ ಎಲ್ಲ ಮಕ್ಕಳೂ ಅದನ್ನೇ ತಿದ್ದುತ್ತಾರೆ.

ಕಡಲತಡಿ

ತಮಟೆಯವರ ಗೊಂಬೆಗಳಿಗೆ ಮುಖ ಬರೆಯುವ ಮುನ್ನ ನಿಮ್ಮ ಊರಿನ ತಮಟೆಯವರಿಗೆ ಚಿತ್ರ ತೋರಿಸಿ. ಮಾರಿದ ಪ್ರತಿ ಪೆಟ್ಟಿಗೆಯಲ್ಲಿ ಅವರ ಪಾಲು ಎಷ್ಟು ಎಂಬುದನ್ನೂ ಬರೆದೇ ಇಡಿ.

ಗೆರೆಬಣ್ಣ

ಭಾನುವಾರ ಊರಿಗೆ ಹೋಗುತ್ತಿದ್ದೇನೆ. ತೋರಿಸುತ್ತೇನೆ, ಪಾಲಿನ ಮಾತನ್ನೂ ಅಲ್ಲೇ ಕುಳಿತು ಆಡುತ್ತೇನೆ.

ಅರಗುಕಡ್ಡಿ

ಅಕ್ಕ, ಗದ್ದುಗೆಗೆ ಎಷ್ಟು ಅಗಲ ಬೇಕು? ನಡುವೆ ಗುಳಿ ತೆಗೆಯಬೇಕೆಂದರೆ ಮರ ದಪ್ಪ ಇರಬೇಕು, ಈಗಲೇ ಹೇಳಿದರೆ ತುಂಡು ಆರಿಸಿ ಇಡಲು ತಂದೆಗೆ ಹೇಳುತ್ತೇನೆ. ಗುಳಿಯೊಳಗೆ ಅರಗು ಹಚ್ಚುವುದು ಬೇಡ ಎಂದು ಅವರು ಹೇಳುತ್ತಿದ್ದಾರೆ, ಒದ್ದೆ ಮಣ್ಣು ಜಾರುತ್ತದಂತೆ.

ಗೆರೆಬಣ್ಣ

ಐದು ವರ್ಷದ ಮಗು ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟು ಮಣ್ಣು ಕೂರಬೇಕು, ತಂಗಿ. ಅಕ್ಕನ ಮಗಳ ಕೈಗೆ ಮಣ್ಣು ಕೊಟ್ಟು ಈಗ ತಾನೇ ಅಳೆದೆ, ನಾಲ್ಕು ಬೆರಳು ಅಗಲ ಬಂತು. ಗುಳಿಯೊಳಗೆ ಬರಿಯ ಮರವೇ ಇರಲಿ.